ಖಾಲಿ ಗೂಟ

ಯಾಕೆ ಕರೆದ ಇವನು? ಪಾಸು ಎರಡು ಸಿಕ್ಕಿದವು, ಒಂದು ನಿನಗಿರಲಿ ಅಂತ ಇಟ್ಟುಕೊಂಡೆ ಎಂದು ರಾಜಕುಮಾರ ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದು ನಿಜವೇ ಇರಬಹುದು. ಆದರೆ ಫೋನು ಮಾಡಿದಾಗಲೆಲ್ಲ ಮೊದಲ ಮಾತಿಗೇ ‘ಯಜಮಾನ್ರು ಹೆಂಗವ್ರೆ, ಉಸಿರಾಟ ಹೆಂಗೈತೆ’ ಎಂದು ಅಪ್ಪನನ್ನು ವಿಚಾರಿಸಿಕೊಳ್ಳುತ್ತಿದ್ದವನು ಇವತ್ತು ಅಪ್ಪನ ಸುದ್ದಿಯನ್ನೇ ಎತ್ತಲಿಲ್ಲ. ಎತ್ತದಿರುವುದಕ್ಕೆ ಕಾರಣ ಇರಬೇಕು. ಎತ್ತಿದರೆ ಮಾತು ಅಪ್ಪನಿಂದ ಮನೆಗೆ, ಮನೆಯಿಂದ ಗೋಡೆಗೆ, ಗೋಡೆಯಿಂದ ಗೂಟಕ್ಕೆ ಬಂದುಬಿಡುತ್ತದೆಂದು ಹೆದರಿರಬೇಕು. ಹಿರಿಯೂರಿನಿಂದ ಮಾರಿಕಣಿವೆಗೆ ಹೋಗುವ ರಸ್ತೆಯ ಪಕ್ಕದ ಬಯಲಿನಲ್ಲಿ, ಗೇಟಿನ ಮುಂದಿನ ಉದ್ದನೆಯ ಸಾಲಿನಲ್ಲಿ ನಿಂತು ದಯಾನಂದ ತನ್ನ ಮುಂದಿದ್ದ ಗೆಳೆಯನ ಬೆನ್ನನ್ನೇ ನೋಡುತ್ತಿದ್ದ. ಆ ಬೆನ್ನಿನ ಮೇಲೆ ಉದ್ದನೆಯ ಕಪ್ಪು ಚೀಲವೊಂದು ಓರೆಯಾಗಿ ನೇತಾಡುತ್ತಿತ್ತು. ಮೇಲಿನ ತುದಿ ರಾಜಕುಮಾರನ ಕಿವಿಯ ಹತ್ತಿರ, ಕೆಳಗಿನ ತುದಿ ಮಂಡಿಯ ಹತ್ತಿರ. ಅಳತೆ ಸರಿಹೋಗುತ್ತದೆ ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ ಕೂಡಲೇ ಹಾಗೆ ಅಳೆದ ತನ್ನ ಕಣ್ಣಿನ ಮೇಲೆ ಅಸಹ್ಯವಾಯಿತು, ಆದರೂ ಕಣ್ಣು ಅಲ್ಲಿಂದ ಕದಲಲಿಲ್ಲ.

ಗೂಟ ಖಾಲಿಯಾಗಿದ್ದನ್ನು ಅವನು ಬೆಳಿಗ್ಗೆ ನೋಡಿದ್ದ. ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಕುರಿ ಕಾಯುವ ಅವನ ಹಟ್ಟಿಯವರು ಫ್ಯಾನು ಎನ್ನುತ್ತಾರೆ. ಆ ಫ್ಯಾನುಗಳ ಬುಡದಲ್ಲಿ ತಾಮ್ರದ ಕೇಬಲ್ಲನ್ನು ಕಳ್ಳರಿಂದ ಕಾಯುವುದು ಬಿ.ಎ. ಮುಗಿಸಿದ ದಯಾನಂದನ ಕೆಲಸ. ಪಾಳಿ ಬಿಡಿಸಬೇಕಾಗಿದ್ದ ಯತ್ತಪ್ಪ ಕೈಕೊಟ್ಟಿದ್ದರಿಂದ ಹಗಲೂ ರಾತ್ರಿಯೂ ಅವನೇ ಕಾದು, ಮತ್ತೆ ಹಗಲು ಕಾದು, ಮತ್ತೆ ರಾತ್ರಿ ಕಾದು ಇಳಿದು ಬಂದಿದ್ದ. ಹಾಗೆ ಕಾದೂ ಕಾದೂ ಪೊದೆಯೆಲ್ಲ ಮನುಷ್ಯನಂತೆ, ಮನುಷ್ಯರೆಲ್ಲ ಕಳ್ಳರಂತೆ ಕಾಣುವುದು ಅವನಿಗೆ ರೂಢಿಯಾಗಿಹೋಗಿತ್ತು. ಮನೆಗೆ ಬಂದು ದೇವರ ಮೂಲೆಯ ಕಡೆ ನೋಡಿದರೆ ಗೂಟದಲ್ಲಿ ಗಣೆ ಇರಲಿಲ್ಲ. ಸೊಂಟದ ಎತ್ತರಕ್ಕೆ ಬರುವ ಬಿದಿರಿನ ಕೊಳಲು ಅದು. ಕಂಬಳಿಯ ಚೀಲದಲ್ಲಿ ತಾತನ ಕಾಲದಿಂದ ಅಲ್ಲೇ ನೇತಾಡುತ್ತಿತ್ತು. ನೆಲಕ್ಕೆ ತಾಗಿಸುವಂತಿಲ್ಲ, ಬೇರೆಯವರು ಮುಟ್ಟುವಂತಿಲ್ಲ, ಊದುವ ದಿನ ಊದುವವನು ಊದಿ ಮುಗಿಸುವವರೆಗೆ ಅನ್ನಕ್ಕೆ ಕೈ ಹಾಕುವಂತಿಲ್ಲ. ಹಟ್ಟಿಯಲ್ಲಿ ಅದನ್ನು ಊದಬಲ್ಲವನು ಅಪ್ಪ ಜುಂಜಯ್ಯನೊಬ್ಬನೇ. ಅವನಿಗೂ ಈಚೆಗೆ ಎದೆ ಕಟ್ಟಿಕೊಂಡು, ಇನ್ನು ಊದಬೇಡ್ರಿ ಎಂದು ಹಿರಿಯೂರಿನ ಡಾಕ್ಟರು ಹೇಳಿದ್ದರು. ‘ಅವ್ವಾ, ಗಣೆ ಎಲ್ಲಿ?’ ಎಂದರೆ ಅವ್ವ ಒಲೆಯ ಕಡೆ ತಿರುಗಿಕೊಂಡೇ ‘ಅಲ್ಲೇ ಇರ್ತದೆ, ನೋಡಪ್ಪ’ ಎಂದಳು. ‘ಅಪ್ಪ?’ ‘ಕುರಿ ಕಡೆ ಹೋಗವ್ನೆ. ನೀನು ಉಂಡು ಮಲಕ್ಕ ಹೋಗು, ಕಣ್ಣು ಕೆಂಡ ಆಗ್ಯವೆ.’ ಅಪ್ಪನ ಪಾಲಿನ ಮುದ್ದೆ ಬುಟ್ಟಿಯಲ್ಲಿ ಮುಟ್ಟದೆ ಹಾಗೇ ಇತ್ತು. ಅವ್ವನಿಗೆ ಗೊತ್ತಿಲ್ಲ, ಅಪ್ಪ ಸಂಜೆ ಬಂದು ಗೂಟ ನೋಡಿದರೆ ಅವನ ಉಳಿದ ಉಸಿರೂ ಅಲ್ಲೇ ನಿಲ್ಲುತ್ತದೆ ಎಂದುಕೊಳ್ಳುವಷ್ಟರಲ್ಲಿ ಫೋನು ಹೊಡೆದುಕೊಂಡಿತ್ತು. ‘ಲೇ ದಯಾ, ಮಧ್ಯಾಹ್ನ ಮಾರಿಕಣಿವೆ ರೋಡಿಗೆ ಬಾರಲೇ. ದೊಡ್ಡ ಪ್ರೋಗ್ರಾಮೈತೆ, ಬೆಂಗಳೂರಿನ ಬ್ಯಾಂಡು. ಮೈಕೆಲ್ಲ ನಂದೇ.’ ಮಲಗಬೇಕಾಗಿತ್ತು. ಮಲಗದೆ ಜವನಗೊಂಡನಹಳ್ಳಿಯವರೆಗೆ ನಡೆದು ಬಸ್ಸು ಹಿಡಿದಿದ್ದ. ಸಂಜೆಯೊಳಗೆ ಗಣೆ ಗೂಟಕ್ಕೆ ಬರಬೇಕಾಗಿತ್ತು. ಬೇರೆ ಯಾವುದಕ್ಕೂ ಅವನು ಬಂದಿರಲಿಲ್ಲ.

ಗೇಟಿನಲ್ಲಿ ಕರಿ ಟೀ ಶರ್ಟಿನ ಕಾವಲುಗಾರ ಅವನ ಮೈ ಸವರಿ, ಜೇಬಿನಲ್ಲಿದ್ದ ಡ್ಯೂಟಿಯ ಬ್ಯಾಟರಿಯನ್ನು ಹೊರಗೆ ತೆಗೆದು, ಇದು ಒಳಗೆ ಬಿಡಂಗಿಲ್ಲ ಎಂದು ತೊಟ್ಟಿಗೆ ಹಾಕಿದ. ಕಾಯುವವನನ್ನು ಕಾಯುವವನು ತಡಕುವುದರಲ್ಲಿ ನಗು ಬರುವಂಥದ್ದು ಏನೋ ಇತ್ತು, ನಗಲು ಮುಖದ ಸ್ನಾಯುಗಳು ಒಪ್ಪಲಿಲ್ಲ. ಅದೇ ಕಾವಲುಗಾರ ರಾಜಕುಮಾರನ ಚೀಲವನ್ನು ಮುಟ್ಟಲೂ ಇಲ್ಲ. ‘ಬರ್ರಿ ಅಣ್ಣ, ಬರ್ರಿ’ ಎಂದು ದಾರಿ ಬಿಟ್ಟ. ಯಾಕೆ ಬಿಟ್ಟ? ಮಣಿಕಟ್ಟಿಗೆ ಹಳದಿ ಪಟ್ಟಿ ಕಟ್ಟಿಸಿಕೊಂಡು ಒಳಗೆ ಹೋದರೆ ಬಯಲು ತುಂಬ ಜನ. ಬೆಂಗಳೂರು, ದಾವಣಗೆರೆ, ತುಮಕೂರಿನ ಕಾರುಗಳಿಂದ ಇಳಿದವರು, ಕೆನ್ನೆಗೆ ಬಣ್ಣ ಬಳಿದುಕೊಂಡವರು, ಒಬ್ಬರ ಹೆಗಲ ಮೇಲೊಬ್ಬರು ಕುಳಿತು ಕೈ ಬೀಸುವವರು. ಶೇಂಗಾ ಕಿತ್ತ ಹೊಲ; ಬಿಟ್ಟುಹೋದ ಬಳ್ಳಿಗಳು ಹೊಸ ಶೂಗಳ ಕೆಳಗೆ ಪುಡಿಯಾಗಿ ಧೂಳಾಗಿ ಏಳುತ್ತಿದ್ದವು. ವೇದಿಕೆಯ ಎರಡು ಬದಿಗೂ ಮನೆಯ ಗಾತ್ರದ ಸ್ಪೀಕರುಗಳು. ಒಂದೊಂದು ಏಟಿಗೂ ಹಲ್ಲಿನ ಬುಡ ಅದುರುತ್ತಿತ್ತು, ನಿದ್ದೆಗೆಟ್ಟ ತಲೆಯೊಳಗೆ ಏಟು ಒಂದಾದರೆ ಪ್ರತಿಧ್ವನಿ ನಾಲ್ಕು. ಹುಡುಗಿಯೊಬ್ಬಳು ಅವನ ಖಾಕಿ ಪ್ಯಾಂಟು ನೋಡಿ ‘ಅಣ್ಣಾ, ಟಾಯ್ಲೆಟ್ ಯಾವ ಕಡೆ?’ ಎಂದಳು. ಗೊತ್ತಿಲ್ಲ ಎಂದ. ‘ಡ್ಯೂಟಿ ಮಾಡೋರಿಗೇ ಗೊತ್ತಿಲ್ವಂತೆ’ ಎಂದು ಅವಳು ಗೆಳತಿಗೆ ಹೇಳಿದ್ದು ಕೇಳಿಸಿತು. ಪಟ್ಟಿ ಕಟ್ಟಿದ ಕೈಯನ್ನು ಅವನು ಮೇಲೆತ್ತಿ ತೋರಿಸಬಹುದಾಗಿತ್ತು. ತೋರಿಸಲಿಲ್ಲ. ರಾಜಕುಮಾರ ನಕ್ಕು, ‘ಲೇ, ಕೇಬಲ್ ಕಾಯೋನೇ, ಇಲ್ಲೂ ನನ್ನ ಕೇಬಲ್ ಹಾಸಿವ್ನಿ, ನೋಡ್ಕ ಸ್ವಲ್ಪ, ಯಾರಾದ್ರೂ ಸುತ್ಕಂಡು ಹೋದಾರು’ ಎಂದ. ಅದು ತಮಾಷೆಯೋ, ತನ್ನ ಮನಸ್ಸಿನಲ್ಲಿರುವುದು ಇವನಿಗೆ ಗೊತ್ತಾಗಿ ಆಡಿದ್ದೋ?

ನನ್ನನ್ನು ಯಾರಾದರೂ ಹೊರಗೆ ನಿಲ್ಲಿಸಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ದಯಾನಂದ ಯೋಚಿಸಿದ. ಡಿಗ್ರಿಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತವನು, ಒಂದೇ ಡಬ್ಬಿಯಲ್ಲಿ ಉಂಡವನು ರಾಜಕುಮಾರ. ಅವನ ಅಪ್ಪ ಕಾಟಪ್ಪ ಬೇರೆಯವರ ಹೊಲದಲ್ಲಿ ದುಡಿದು ಓದಿಸಿದ ಮಗ. ಹಟ್ಟಿಯ ದೇವರ ಕೆಲಸಕ್ಕೆ ಮೊದಲ ಸಲ ಮೈಕು ತಂದಾಗ ಅವನನ್ನು ಮುಳ್ಳುಬೇಲಿಯ ಆಚೆಗೇ ನಿಲ್ಲಿಸಿದ್ದರು. ವೈರು ಒಳಗೆ ಬಂದಿತು, ಅವನು ಬರಲಿಲ್ಲ. ನೀರು ಕೇಳಿದಾಗ ಅವ್ವ ಪ್ಲಾಸ್ಟಿಕ್ ಲೋಟವನ್ನು ತಂದು ಅವನ ಕೈಗೆ ಕೊಡದೆ ಬೇಲಿಯ ಬದಿಯ ಕಲ್ಲಿನ ಮೇಲಿಟ್ಟಳು. ದಯಾನಂದ ಆಗ ಮೈಕಿನ ಕಂಬದ ಹಗ್ಗ ಬಿಗಿಯುತ್ತಿದ್ದ. ಆಗಲೇ ಬಿಗಿದಿದ್ದ ಹಗ್ಗವನ್ನು ಬಿಚ್ಚಿ ಮತ್ತೆ ಬಿಗಿದ. ‘ನಾನು ಹೊರಗೆ ನಿಂತ್ರೇನು ಬಿಡಪ್ಪ, ನನ್ನ ಮೈಕು ಒಳಗೆ ಹೋಯ್ತಲ್ಲ’ ಎಂದು ರಾಜಕುಮಾರ ನಕ್ಕಿದ್ದ. ಆ ನಗುವನ್ನು ದಯಾನಂದ ಎಷ್ಟೋ ಸಲ ತಿರುಗಿಸಿ ಮುರುಗಿಸಿ ನೋಡಿದ್ದ. ಅವತ್ತು ಅಪ್ಪ ಗಣೆ ಊದಿದ. ಎಂದಿನಂತೆ ದಯಾನಂದ ಅರ್ಧಕ್ಕೆ ಎದ್ದು ಗುಡ್ಡದ ಕಡೆ ಹೋದ. ಓದಿದವನಾದ ಮೇಲೆ ಅಪ್ಪನ ಕೆನ್ನೆ ಉಬ್ಬುವುದನ್ನು, ಕಣ್ಣು ಮೇಲಕ್ಕೆ ಸಿಕ್ಕಿಕೊಳ್ಳುವುದನ್ನು, ಸುತ್ತ ಕುಳಿತವರು ಅಳುವುದನ್ನು ನೋಡಲು ಅವನಿಗೆ ಆಗುತ್ತಿರಲಿಲ್ಲ. ಬೇಲಿಯಾಚೆ ನಿಂತ ರಾಜಕುಮಾರ ಮಾತ್ರ ಕೊನೆಯವರೆಗೆ ಕೇಳಿದ್ದ. ಆಮೇಲೆ ಬಹಳ ದಿನ ಅದನ್ನೇ ಮಾತಾಡಿದ. ಆ ದನಿ ಬೆಂಗಳೂರಿನವರು ಕೇಳಿದ್ರೆ ಬಾಯಿ ಬಡ್ಕಂತಾರೆ ಕಣ್ಲೇ, ಎನ್ನುತ್ತಿದ್ದ. ಬೆಂಗಳೂರಿನವರು! ಈಗ ವೇದಿಕೆಯ ಮೇಲೆ ಜಡೆ ಬಿಟ್ಟು ಕುಣಿಯುತ್ತಿರುವವರು ಅವರೇ ಅಲ್ಲವೆ? ಗಣೆಯನ್ನು ಅವರಲ್ಲಿ ಯಾರಿಗೆ ಕೊಡುತ್ತಾನೆ, ಏನೆಂದು ಕೊಡುತ್ತಾನೆ? ಕಲ್ಲಿನ ಮೇಲಿಟ್ಟ ಲೋಟಕ್ಕೆ ಇದು ಲೆಕ್ಕವಾದರೆ, ತಾನು ಯಾವ ಬಾಯಿಂದ ಕೇಳಬೇಕು?

ಬಯಲಿನ ನಡುವೆ ನಾಲ್ಕು ಕಂಬಗಳ ಡೇರೆಯಲ್ಲಿ ರಾಜಕುಮಾರನ ಯಂತ್ರಗಳಿದ್ದವು. ಅಲ್ಲಿನ ಕಬ್ಬಿಣದ ಪೆಟ್ಟಿಗೆಯ ಮೇಲೆ ದಯಾನಂದನನ್ನು ಕೂರಿಸಿ ಅವನು ಗುಂಡಿಗಳನ್ನು ತಿರುಗಿಸತೊಡಗಿದ. ಚೀಲವನ್ನು ಕಾಲ ಬಳಿ ಇಟ್ಟುಕೊಂಡ. ಬಿಸಿಲಿಗೆ ಕಾದಿದ್ದ ಪೆಟ್ಟಿಗೆ ತೊಡೆಯನ್ನು ಸುಡುತ್ತಿತ್ತು. ಆ ಉರಿಯಿಂದಲೇ ದಯಾನಂದ ಎಚ್ಚರವಾಗಿದ್ದ. ಕಣ್ಣು ಮುಚ್ಚಿದರೆ ಚೀಲ ಎದ್ದು ನಡೆದುಹೋಗುವುದೆಂಬಂತೆ ಅದನ್ನೇ ನೋಡುತ್ತ ಕುಳಿತ. ರಾಜಕುಮಾರನ ಫೋನು ಬಂತು. ಅವನು ಒಂದು ಕಿವಿ ಮುಚ್ಚಿಕೊಂಡು ಡೇರೆಯ ಹೊರಗೆ ಹೋದ. ಗದ್ದಲದ ನಡುವೆ ತುಂಡು ತುಂಡಾಗಿ ಕೇಳಿಸಿತು: ‘ಹ್ಞೂ... ಬಂದವ್ನೆ... ಇಲ್ಲೇ ಪಕ್ಕದಾಗೆ ಕುಂತವ್ನೆ... ಇಲ್ಲ, ಏನೂ ಗೊತ್ತಿಲ್ಲ ಅವನಿಗೆ... ನೀವು ಗಾಬರಿ ಬೀಳಬ್ಯಾಡ್ರಿ.’ ಏನೂ ಗೊತ್ತಿಲ್ಲ ಅವನಿಗೆ. ರಾಜಕುಮಾರ ಒಳಗೆ ಬರುವ ಮೊದಲೇ ದಯಾನಂದನ ಕೈ ಚೀಲದ ಜಿಪ್ಪಿಗೆ ಹೋಗಿತ್ತು, ಆದರೆ ಎಳೆಯುವ ಧೈರ್ಯ ಬರಲಿಲ್ಲ. ರಾಜಕುಮಾರ ಬಂದು ನಿಂತಾಗ ಕೈ ಅಲ್ಲೇ ಇತ್ತು.

‘ಏನ್ಲೇ?’

‘ಇದರಾಗೆ ಏನೈತೆ?’

‘ಯಾಕ್ಲೇ?’

‘ಬಿಚ್ಚು.’

ರಾಜಕುಮಾರ ಅವನ ಮುಖವನ್ನೇ ನೋಡಿದ. ಪಕ್ಕದಲ್ಲಿ ವೈರು ಸುತ್ತುತ್ತಿದ್ದ ಅವನ ಕೆಲಸದವನು ಕೈ ನಿಲ್ಲಿಸಿ ಇಬ್ಬರನ್ನೂ ನೋಡಿದ. ವೇದಿಕೆಯ ಮೇಲೆ ಒಬ್ಬ ಡ್ರಮ್ಮು ಬಡಿಯುತ್ತಿದ್ದ, ಜನ ಒಕ್ಕೊರಲಿನಿಂದ ಕೂಗುತ್ತಿದ್ದರು. ರಾಜಕುಮಾರ ಮಂಡಿಯೂರಿ ಕುಳಿತು ಜಿಪ್ಪು ಎಳೆದ. ಒಳಗೆ ಮೈಕು ನಿಲ್ಲಿಸುವ ಕಬ್ಬಿಣದ ಕೊಳವೆಗಳಿದ್ದವು. ಒಂದೊಂದನ್ನೇ ತೆಗೆದು, ಅಂಗಡಿಯವನು ಗಿರಾಕಿಗೆ ತೋರಿಸುವ ಹಾಗೆ, ದಯಾನಂದನ ಕಾಲ ಬಳಿ ಸಾಲಾಗಿ ಇಟ್ಟ. ಚೀಲವನ್ನು ಬೋರಲು ಹಾಕಿ ಕೊಡವಿದ. ಹಳೆಯ ಬ್ಯಾಟರಿ ಸೆಲ್ಲೊಂದು ಉರುಳಿ ಬಿತ್ತು.

‘ಏನು ಹುಡುಕ್ತೀಯ ಹೇಳು. ಇದ್ರೆ ಕೊಡ್ತೀನಿ.’

‘ಏನಿಲ್ಲ.’

‘ಏನಿಲ್ಲ ಅಂದ್ರೆ?’

‘ಸುಮ್ನೆ ಕೇಳ್ದೆ. ನಿದ್ದೆಗೆಟ್ಟು ತಲೆ ಸರಿ ಇಲ್ಲ.’

‘ಅದು ಕಾಣ್ತೈತೆ’ ಎಂದು ರಾಜಕುಮಾರ ಕೊಳವೆಗಳನ್ನು ಮತ್ತೆ ಒಳಗೆ ತುಂಬಿದ. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ತನ್ನ ಬಾಟಲಿಯನ್ನು ತೆಗೆದು ಕೈಗೇ ಕೊಟ್ಟ. ‘ನೀರು ಕುಡಿ. ಇನ್ನೊಂದು ಸ್ವಲ್ಪ ಹೊತ್ತು ತಡ್ಕ. ಆಮೇಲೆ ಬೇಕಾದ್ರೆ ಮಲಗು, ನಾನೇನೂ ಅನ್ನಲ್ಲ.’

ದಯಾನಂದ ಬಾಟಲಿಗೆ ಬಾಯಿಟ್ಟು ಕುಡಿದ. ನೀರು ಗಂಟಲಿನಿಂದ ಕೆಳಗಿಳಿಯುತ್ತಿದ್ದಂತೆ ಇಷ್ಟು ಹೊತ್ತು ಮೈಯನ್ನು ಬಿಗಿಹಿಡಿದಿದ್ದ ಯಾವುದೋ ಹುರಿ ಸಡಿಲವಾಯಿತು. ಚೀಲದಲ್ಲಿ ಇಲ್ಲ. ಅಂದರೆ ಇವನು ಅಲ್ಲ. ಇವನಲ್ಲದಿದ್ದರೆ ಯಾರೂ ಅಲ್ಲ, ಗಣೆ ಎಲ್ಲೋ ಇದೆ, ಅವ್ವ ಹೇಳಿದ ಹಾಗೆ ಅಲ್ಲೇ ಇದೆ, ನಾನೇ ಸರಿಯಾಗಿ ನೋಡಲಿಲ್ಲ. ಇಷ್ಟು ಸಲೀಸಾಗಿ ಸಮಾಧಾನವಾಗುವುದಿದ್ದರೆ ಇಷ್ಟು ಹೊತ್ತು ಅನುಮಾನಿಸಿದ್ದಾದರೂ ಯಾಕೆ? ಬೇಲಿಯ ಆಚೆಗೆ ನಿಂತವನು ಅಂತಲೇ ಅಲ್ಲವೆ? ಹಟ್ಟಿಯಲ್ಲಿ ಯಾರ ಮೇಲೂ ಹೋಗದ ಅನುಮಾನ, ಅವ್ವನ ಬೆನ್ನನ್ನು ನೋಡಿಯೂ ಹುಟ್ಟದ ಅನುಮಾನ, ನೇರವಾಗಿ ಒಂದೇ ಬೆಂಚಿನವನ ಮೇಲೆ ಹೋಯಿತಲ್ಲ. ನಾಚಿಕೆಯಿಂದ ತಲೆ ತಗ್ಗಿತು, ತಗ್ಗಿದ ತಲೆ ಎದೆಗೆ ತಾಗಿತು. ಸ್ಪೀಕರಿನಲ್ಲಿ ಯಾರೋ ಏನೋ ಹೇಳುತ್ತಿದ್ದರು, ಇವತ್ತು ನೀವು ಹಿಂದೆಂದೂ ಕೇಳದ ಒಂದು... ಎನ್ನುವವರೆಗೆ ಅವನಿಗೆ ಕೇಳಿಸಿತು. ಆಮೇಲೆ ಗುಡ್ಡದ ಮೇಲಿನ ಫ್ಯಾನುಗಳೆಲ್ಲ ಒಟ್ಟಿಗೆ ನಿಂತವು. ಗಾಳಿ ಇರಲಿಲ್ಲ. ಕಾಯಲು ಏನೂ ಇರಲಿಲ್ಲ. ಕುರಿಗಳು ಒಂದಕ್ಕೊಂದು ಒತ್ತಿಕೊಂಡು ಬಾಯಿ ಮುಚ್ಚಿ ನಿಂತಿದ್ದವು, ಅವುಗಳ ಉಣ್ಣೆಯ ಬೆಚ್ಚಗಿನ ವಾಸನೆಯೊಳಗೆ ಅವನು ಬಹಳ ಹೊತ್ತು ಇಳಿದ.

ಎಚ್ಚರವಾದದ್ದು ಸದ್ದಿನಿಂದಲ್ಲ, ಸದ್ದು ಇಲ್ಲದ್ದರಿಂದ. ಅಷ್ಟು ದೊಡ್ಡ ಬಯಲಿನಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ. ಹೆಗಲ ಮೇಲೆ ಕುಳಿತಿದ್ದವರು ಇಳಿದು ನೆಲದ ಮೇಲೆ ಕುಳಿತಿದ್ದರು. ಬಿಸಿಲು ಹಳದಿಗೆ ತಿರುಗಿತ್ತು. ಆಮೇಲೆ ಚಪ್ಪಾಳೆ ಎದ್ದಿತು, ಒಂದು ಮೂಲೆಯಿಂದ ಎದ್ದು ಬಯಲು ತುಂಬಿತು. ಅವನು ತಲೆ ಎತ್ತಿ ವೇದಿಕೆಯ ಕಡೆ ನೋಡಿದ. ಜಡೆ ಬಿಟ್ಟ ಹುಡುಗರು ಶೂ ಬಿಚ್ಚಿಟ್ಟು ಬರಿಗಾಲಿನಲ್ಲಿ ಕೈ ಕಟ್ಟಿಕೊಂಡು ಒಂದು ಬದಿಗೆ ನಿಂತಿದ್ದರು. ನಡುವೆ, ಒಗೆದ ಪಂಚೆ ಉಟ್ಟು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಅಪ್ಪ ನಿಂತಿದ್ದ. ಗಣೆಯನ್ನು ನೆಲಕ್ಕೆ ತಾಗದ ಹಾಗೆ ಎದೆಗೊತ್ತಿಕೊಂಡು ಅದರ ಚೀಲಕ್ಕೆ ಇಳಿಸುತ್ತಿದ್ದ. ಮುಗಿದುಹೋಗಿತ್ತು. ಮುಟ್ಟದೆ ಉಳಿದಿದ್ದ ಮುದ್ದೆ ದಯಾನಂದನ ಕಣ್ಣ ಮುಂದೆ ಬಂತು. ಹಟ್ಟಿಯಲ್ಲಿ ಹುಟ್ಟಿದ ಕೂಸಿಗೂ ತಿಳಿಯುವಂಥದ್ದು: ಊದುವವನು ಉಣ್ಣಲಿಲ್ಲ, ಗೂಟ ಖಾಲಿ ಇತ್ತು ಎಂದರೆ ಊದಲು ಹೋಗಿದ್ದಾನೆ ಎಂದೇ ಅರ್ಥ. ಅದನ್ನು ಕಣ್ಣಾರೆ ನೋಡಿಯೂ ಅವನು ಕಳ್ಳನನ್ನು ಹುಡುಕಿಕೊಂಡು ಬಂದಿದ್ದ.

ರಾಜಕುಮಾರ ಯಂತ್ರದ ಮೇಲಿನ ಗುಂಡಿಗಳನ್ನು ಮೆಲ್ಲಗೆ ಇಳಿಸುತ್ತಿದ್ದ. ಅವನ ಕಣ್ಣು ಒದ್ದೆಯಾಗಿತ್ತು. ಇವನ ಕಡೆ ತಿರುಗದೆ ಹೇಳಿದ: ‘ನಾನು ಮುಟ್ಟಿಲ್ಲ ಕಣೋ. ಮೈಕು ಒಂದು ಮೊಳ ದೂರದಾಗೇ ಇಟ್ಟೆ. ಆಟೋದಾಗೂ ಅವ್ರೇ ತೊಡೆ ಮ್ಯಾಲೆ ಇಟ್ಕಂಡು ಬಂದ್ರು.’ ದಯಾನಂದ ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ಇವನು ಉತ್ತರ ಕೊಟ್ಟ. ಹಾಗಾದರೆ ಕೊಳವೆಗಳನ್ನು ಒಂದೊಂದಾಗಿ ತೆಗೆದಿಟ್ಟಾಗಲೇ ಇವನಿಗೆ ಎಲ್ಲ ಗೊತ್ತಾಗಿತ್ತು. ಗೊತ್ತಾಗಿಯೂ ಹೇಳಲಿಲ್ಲ. ಒಂದು ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕುಳಿತು ತಾನು ನಿದ್ದೆಗೆ ಬಿದ್ದದ್ದನ್ನು ನೋಡಿಯೂ ಎಬ್ಬಿಸಲಿಲ್ಲ. ಯಾಕೆ ಎಬ್ಬಿಸಲಿಲ್ಲ? ಗುಂಡಿ ಬಿಟ್ಟು ಕೈ ತೆಗೆಯುವ ಹಾಗಿರಲಿಲ್ಲವೇನೋ. ದಣಿದವನು, ಮಲಗಲಿ ಅಂದುಕೊಂಡನೇನೋ. ಅಥವಾ ಚೀಲ ಬಿಚ್ಚಿಸಿದ್ದಕ್ಕೆ, ಕಲ್ಲಿನ ಮೇಲಿನ ಲೋಟಕ್ಕೆ, ಇಷ್ಟೇ ಸಾಕು ಎಂದು ಸುಮ್ಮನಿದ್ದನೇ? ಅಥವಾ ನೋಡೇ ಇಲ್ಲವೆ?

ಇಬ್ಬರೂ ವೇದಿಕೆಯ ಹಿಂದೆ ಹೋದಾಗ ಅಪ್ಪ ಕುರ್ಚಿಯ ಮೇಲೆ ಕುಳಿತಿದ್ದ. ಗಣೆಯನ್ನು ಮಗುವಿನಂತೆ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದ. ಎದೆ ತಿದಿಯಂತೆ ಏರಿ ಇಳಿಯುತ್ತಿತ್ತು. ಮಗನನ್ನು ಕಂಡು ಏಳಲು ಹೋದ, ಆಗಲಿಲ್ಲ.

‘ಬಂದೇನಪ್ಪ. ಹಟ್ಟಿ ಹಿರೇರಿಗೆ ಹೇಳಿಯೇ ಬಂದಿವ್ನಿ, ನೀನು ಸಿಟ್ಟಾಗಬ್ಯಾಡ.’

‘ಡಾಕ್ಟರು ಬ್ಯಾಡ ಅಂದಿರಲಿಲ್ವಾ?’

‘ಅಂದಿದ್ರು. ಅದಕ್ಕೇ ಒಂದ್ಸಲ ಊದಾಣ ಅಂತ ಬಂದೆ. ಹಟ್ಟಿಯಾಗೆ ಊದಿದ್ರೆ ನೀನು ಎದ್ದು ಹೋಗ್ತೀಯ. ಇಲ್ಲಾದ್ರೆ ಇಷ್ಟು ಜನದ ನಡುವೆ ಎಲ್ಲಿಗೆ ಹೋಗ್ತೀಯ ಅಂತ ಇವನು ಅಂದ. ಮೊದ್ಲೇ ಹೇಳಿದ್ರೆ ಬರಾಕಿಲ್ಲ ಅಂತ ನಾನೇ ಹೇಳಬ್ಯಾಡ ಅಂದೆ. ನಿಮ್ಮವ್ವಗೂ ಅದೇ ಹೇಳಿದ್ದೆ.’ ಅಪ್ಪ ಉಸಿರಿಗಾಗಿ ನಿಂತ. ‘ಕೇಳ್ದೇನಪ್ಪ?’

ದಯಾನಂದ ಬಾಯಿ ತೆರೆದ. ಅವನಿಗಿಂತ ಮೊದಲು ರಾಜಕುಮಾರ ಹೇಳಿದ: ‘ಕೇಳ್ದ ಯಜಮಾನ್ರೆ. ಕಣ್ಣು ಮುಚ್ಕಂಡು ಕುಂತಿದ್ದ. ಅಲ್ಲಾಡಲಿಲ್ಲ.’

ಅವನ ದನಿಯಲ್ಲಿ ಏನೂ ಇರಲಿಲ್ಲ. ಎಷ್ಟು ಕಿವಿಗೊಟ್ಟರೂ ಏನೂ ಸಿಗಲಿಲ್ಲ.

‘ನಮ್ಮಪ್ಪನೂ ಹಂಗೇ ಕೇಳೋನು, ಕಣ್ಣು ಮುಚ್ಕಂಡು’ ಎಂದ ಅಪ್ಪ. ಆಮೇಲೆ ತಗ್ಗಿದ ದನಿಯಲ್ಲಿ, ಪಕ್ಕದಲ್ಲಿದ್ದ ಹುಡುಗರಿಗೆ ಕೇಳಿಸದಂತೆ, ‘ನಡುವೆ ಒಂದು ಕಡೆ ಉಸಿರು ಸಿಗಲಿಲ್ಲ ನನಗೆ. ಕಿತ್ಕಂಡು ಹೋದಂಗಾಯ್ತು. ನಿಂಗೆ ಗೊತ್ತಾಯ್ತಾ?’

‘ಗೊತ್ತಾಗ್ಲಿಲ್ಲಪ್ಪ’ ಎಂದ ದಯಾನಂದ.

ಅದು ನಿಜವಾಗಿತ್ತು. ಅಪ್ಪನ ಮುಖ ಬಿಚ್ಚಿಕೊಂಡಿತು. ‘ಹಂಗಾರೆ ಸರಿ. ನಿಂಗೇ ಗೊತ್ತಾಗ್ಲಿಲ್ಲ ಅಂದ್ರೆ ಯಾರಿಗೂ ಗೊತ್ತಾಗಿರಲ್ಲ’ ಎಂದು ಎರಡು ಸಲ ಹೇಳಿದ. ರಾಜಕುಮಾರ ಎಲೆಯಲ್ಲಿ ಚಿತ್ರಾನ್ನ ತರಿಸಿ ತನ್ನ ಕೈಯಾರೆ ಕೊಟ್ಟ. ಅಪ್ಪ ಒಂದು ಗಳಿಗೆ ಎಲೆಯನ್ನು ನೋಡಿದ, ಆ ಕೈಯನ್ನು ನೋಡಿದ, ಇಸಿದುಕೊಂಡು ಉಣ್ಣತೊಡಗಿದ. ಬೆಳಗಿನಿಂದ ಹಸಿದವನ ಹಾಗೆ ತುತ್ತಿನ ಮೇಲೆ ತುತ್ತು ಹಾಕಿಕೊಂಡ. ಅವನು ಉಂಡು ಮುಗಿಸುವವರೆಗೆ ಗಣೆಯನ್ನು ಹಿಡಿದುಕೊಳ್ಳಲು ದಯಾನಂದನಿಗೆ ಕೊಟ್ಟಿದ್ದ. ಕಂಬಳಿಯ ಒಳಗೆ ಬಿದಿರು ಇನ್ನೂ ಬೆಚ್ಚಗಿತ್ತು. ವೇದಿಕೆಯ ಮೇಲೆ ಮತ್ತೆ ಡ್ರಮ್ಮು ಶುರುವಾಗಿತ್ತು. ದಯಾನಂದ ರಾಜಕುಮಾರನ ಕಡೆ ನೋಡಿದ. ಅವನು ಆಗಲೇ ಬೆನ್ನು ತಿರುಗಿಸಿ, ಕಪ್ಪು ಚೀಲವನ್ನು ಹೆಗಲಿಗೇರಿಸಿಕೊಂಡು ಜನರ ನಡುವೆ ಹೋಗುತ್ತಿದ್ದ.

ಜವನಗೊಂಡನಹಳ್ಳಿಯ ಬಸ್ಸಿನಲ್ಲಿ ಅಪ್ಪ ಕಿಟಕಿಯ ಬದಿಗೆ ಕುಳಿತ. ಗುಡ್ಡದ ಮೇಲೆ ಫ್ಯಾನುಗಳು ಕೆಂಪು ಬೆಳಕಿನಲ್ಲಿ ತಿರುಗುತ್ತಿದ್ದವು. ‘ಇನ್ನು ಅದು ನಿಂದು’ ಎಂದ ಅಪ್ಪ, ‘ಊದದಿದ್ರೂ ಸೈ. ಒಂದ್ಸಲ ಪೂರ್ತಿ ಕೇಳಿದ್ದೀಯಲ್ಲ, ಅಷ್ಟು ಸಾಕು.’ ಮನೆಗೆ ಬಂದು ದಯಾನಂದ ಗಣೆಯನ್ನು ತಾನೇ ಗೂಟಕ್ಕೆ ಹಾಕಿದ. ಅವ್ವ ಒಲೆಯ ಕಡೆಯಿಂದ ತಿರುಗಿ ‘ಹೆಂಗಿತ್ತು?’ ಎಂದು ಕೇಳಿದಳು. ‘ಚೆನ್ನಾಗಿತ್ತು’ ಎಂದ. ಅಪ್ಪ ಅದನ್ನು ಮತ್ತೆ ಊದಲಿಲ್ಲ. ಆ ಚೀಲದಲ್ಲಿ ಏನನ್ನು ಹುಡುಕಿದೆನೆಂದು ದಯಾನಂದ ರಾಜಕುಮಾರನಿಗೆ ಹೇಳಲಿಲ್ಲ. ತಾನು ನಿದ್ದೆ ಹೋಗಿದ್ದೆ, ಒಂದು ದನಿಯೂ ಕಿವಿಗೆ ಬೀಳಲಿಲ್ಲ ಎಂದು ಅಪ್ಪನಿಗೆ ಯಾವತ್ತೂ ಹೇಳಲಿಲ್ಲ.